ಹನ್ನೊಂದನೆಯ ತಂಡಕ್ಕೆ ತಟ್ಟಿದ ಚಪ್ಪಾಳೆ

ಈಚೆಗೆ ನಾನು ಚಪ್ಪಾಳೆ ತಟ್ಟುವ ಮೊದಲು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡುತ್ತೇನೆ. ಕಳೆದ ತಿಂಗಳು ನಮ್ಮ ಕಾಲೇಜಿನ ಗುಮಾಸ್ತರೊಬ್ಬರು ನಿವೃತ್ತರಾದರು. ಪ್ರಾಂಶುಪಾಲರು ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು, ನಾಲ್ಕು ಒಳ್ಳೆಯ ಮಾತು ಹೇಳಿ ಮುಗಿಸಿದಾಗ ಸಭೆಯೆಲ್ಲ ಚಪ್ಪಾಳೆ ತಟ್ಟಿತು. ನಾನು ಇನ್ನೂ ಆಚೀಚೆ ನೋಡುತ್ತಿದ್ದೆ. ಎಲ್ಲರ ಕೈಗಳೂ ಇಳಿದ ಮೇಲೆ ನನ್ನ ಎರಡು ಚಪ್ಪಾಳೆಗಳು ಒಂಟಿಯಾಗಿ ಬಿದ್ದವು. “ನಾನು ಹೋಗ್ತೇನೆ ಅಂತ ಮೇಡಮಿಗೆ ಈಗಷ್ಟೇ ಗೊತ್ತಾದ ಹಾಗೆ ಕಾಣ್ತದೆ,” ಎಂದರು ಗುಮಾಸ್ತರು. ಸಭೆ ನಕ್ಕಿತು. ನಾನೂ ನಕ್ಕೆ, ಅದೂ ಸ್ವಲ್ಪ ತಡವಾಗಿ.

ನನ್ನ ಕೈಗಳಿಗೆ ಈ ಅಂಜಿಕೆ ಹತ್ತಿದ್ದು ಮೂಡುಬಿದಿರೆಯ ಒಂದು ಮೈದಾನದಲ್ಲಿ, ಶಾಲಾ ಬ್ಯಾಂಡ್ ಸ್ಪರ್ಧೆಯ ದಿನ. ಅದನ್ನು ಬರೆಯಲು ಕೂತಿದ್ದೇನೆ. ನಾನು ಇತಿಹಾಸ ಪಾಠ ಮಾಡುವವಳು. ನೆನಪನ್ನು ಸಾಕ್ಷಿಯೆಂದು ಒಪ್ಪುವ ಮೊದಲು ಅದರ ಜೇಬು ತಡಕಿ ನೋಡಬೇಕೆಂದು ಮಕ್ಕಳಿಗೆ ಹೇಳುತ್ತಿರುತ್ತೇನೆ. ಆದ್ದರಿಂದ ನಾನು ಹೇಳುವುದನ್ನೂ ನೀವು ಸ್ವಲ್ಪ ತಡಕಿಯೇ ಓದಿ.

ನಿಮ್ಮ ಮಕ್ಕಳು ಬ್ಯಾಂಡಿಗೆ ಸೇರಿಲ್ಲವಾದರೆ ನಿಮಗೆ ಈ ಲೋಕದ ಪರಿಚಯ ಇರಲಿಕ್ಕಿಲ್ಲ. ಏಳು ನಿಮಿಷದ ನಡಿಗೆಗೆ ನೀವು ಬೆಳಿಗ್ಗೆ ಐದಕ್ಕೆ ಏಳಬೇಕು. ಬಿಳಿ ಬಣ್ಣ ಬಳಿದು ಹಿಂದಿನ ದಿನವೇ ಕಾಂಪೌಂಡ್ ಗೋಡೆಯ ಮೇಲಿಟ್ಟ ಕ್ಯಾನ್ವಾಸ್ ಶೂ ಒಣಗಿರುವುದಿಲ್ಲ. ಮಗಳ ಜಡೆಯನ್ನು ಟೋಪಿಯೊಳಗೆ ಅಡಗಿಸಲು ಹದಿನಾಲ್ಕು ಪಿನ್ನು ಬೇಕು, ಮನೆಯಲ್ಲಿ ಹನ್ನೆರಡೇ ಸಿಗುತ್ತವೆ. ನಮ್ಮೂರು ಮೆಲ್ಕಾರಿನಿಂದ ಬಸ್ಸು ಹೊರಟು ಮೂರನೆಯ ತಿರುವಿಗೆ ಬರುವಷ್ಟರಲ್ಲಿ ಯಾರಾದರೊಬ್ಬ ಕೊಳಲಿನವನು ವಾಂತಿ ಮಾಡುತ್ತಾನೆ, ನಿಂಬೆಹಣ್ಣು ತಂದವರ ಹುಡುಕಾಟ ಶುರುವಾಗುತ್ತದೆ. ಮೈದಾನ ಮುಟ್ಟಿದ ಮೇಲೆ ಮಕ್ಕಳಿಗೆ ಕೂರಲು ಬಿಡುವುದಿಲ್ಲ, ಪ್ಯಾಂಟು ಮಣ್ಣಾಗುತ್ತದೆ. ಜ್ಯೂಸು ಕೊಡುವಂತಿಲ್ಲ, ಅಂಗಿಗೆ ಚೆಲ್ಲುತ್ತದೆ. ತೀರ್ಪುಗಾರರಲ್ಲಿ ಒಬ್ಬರು ಸಾಲಿನ ನಡುವೆ ನಡೆದು ಉಗುರು, ಗುಂಡಿ, ಕಾಲುಚೀಲ ನೋಡುವಾಗ ಹಗ್ಗದ ಈಚೆ ನಿಂತ ತಾಯಂದಿರು ತಮ್ಮ ತಮ್ಮ ಉಗುರು ನೋಡಿಕೊಳ್ಳುತ್ತಾರೆ. ಎಲ್ಲ ಶಾಲೆಯವರೂ ಹೆಚ್ಚುಕಡಿಮೆ ಒಂದೇ ರಾಗ ನುಡಿಸುತ್ತಾರೆ. ನಮ್ಮದು ಹನ್ನೊಂದನೆಯ ತಂಡ. ಅಂದರೆ ಆ ರಾಗವನ್ನು ಹತ್ತು ಸಲ ಕೇಳಿ, ಹನ್ನೊಂದನೆಯ ಸಲಕ್ಕೆ ಅದು ಅಮೃತದಂತೆ ಕೇಳಿಸಬೇಕು.

ಮತ್ತು ಹೊಟ್ಟೆಕಿಚ್ಚು. ಅದರ ಬಗ್ಗೆ ಯಾರೂ ಮೊದಲೇ ಎಚ್ಚರಿಸುವುದಿಲ್ಲ.

ಅದು ಸಣ್ಣದರಿಂದ ಶುರುವಾಗುತ್ತದೆ. ಪಕ್ಕದ ಶಾಲೆಯ ಪೋಷಕರು ಒಂದೇ ಬಣ್ಣದ ಟೀ ಶರ್ಟು ಹಾಕಿ ಬಂದಿದ್ದರು. ಅವರಿಗೆ ಮಡಚುವ ಕುರ್ಚಿ ಉಂಟು, ನಮಗೆ ಪೇಪರು ಹಾಸಿದ ಕಟ್ಟೆ. ಇನ್ನೊಂದು ಶಾಲೆಯ ವಾದ್ಯಗಳಿಗೇ ಪ್ರತ್ಯೇಕ ಲಾರಿ. ನಮ್ಮ ದೊಡ್ಡ ಡ್ರಮ್ಮು ಬಸ್ಸಿನ ಕೊನೆಯ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಕೂತು ಬಂದಿತ್ತು. ಇಷ್ಟನ್ನೆಲ್ಲ ಸಹಿಸಬಹುದು. ಪರವೂರಿನವರ ಮೇಲಿನ ಹೊಟ್ಟೆಕಿಚ್ಚು ಸಂಜೆ ಬಸ್ಸು ಹತ್ತಿದೊಡನೆ ತಣ್ಣಗಾಗುತ್ತದೆ. ತಣಿಯದಿರುವುದು ನಮ್ಮದೇ ಬಸ್ಸಿನಲ್ಲಿ ಕೂತವರ ಮೇಲಿನದು.

ಅವರ ಹೆಸರು ಮಲ್ಲಿಕಾ. ವಾಮದಪದವಿನ ಕಡೆಯವರು, ಮೆಲ್ಕಾರಿನಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದಾರೆ. ಅವರ ಮಗಳು ಅನನ್ಯಾ ನಮ್ಮ ಬ್ಯಾಂಡಿನ ಲೀಡರ್. ಎಲ್ಲರಿಗಿಂತ ಮುಂದೆ, ಬೆಳ್ಳಿಬಣ್ಣದ ಗುಂಡು ಇರುವ ಕೋಲು ಹಿಡಿದು, ಗದ್ದ ಎತ್ತಿ ನಡೆಯುವವಳು. ನನ್ನ ಮಗಳು ದೀಕ್ಷಾ ಅವಳದ್ದೇ ತರಗತಿ, ಒಂಬತ್ತನೆಯದು. ಅವಳು ಹೊಡೆಯುವುದು ನಡುಸಾಲಿನ ಬಿಗ್ ಡ್ರಮ್. ಅದನ್ನು ಎದೆಗೆ ಕಟ್ಟಿಕೊಂಡರೆ ಅವಳು ಗಲ್ಲದಿಂದ ಮೊಣಕಾಲಿನವರೆಗೆ ಕಾಣುವುದೇ ಇಲ್ಲ. ಮೇಲೆ ಒಂದು ಟೋಪಿ, ಕೆಳಗೆ ಎರಡು ಶೂ, ನಡುವೆ ಶಾಲೆಯ ಹೆಸರು. ನನ್ನ ಮೊಬೈಲಿನಲ್ಲಿ ಅವಳ ಅಂಥ ಚಿತ್ರಗಳು ನಲವತ್ತು ಇವೆ. ಯಾವುದರಲ್ಲಿಯೂ ಅವಳಿಲ್ಲ.

“ಲೀಡರಿಗೆ ನೀನೂ ಹೆಸರು ಕೊಡಬಹುದಿತ್ತಲ್ಲ,” ಎಂದು ಆಯ್ಕೆಯ ದಿನ ಕೇಳಿದ್ದೆ.

“ನನಗೆ ಕೋಲು ಬೇಡ ಅಮ್ಮ. ಕೋಲಿನವಳು ನಿಂತರೂ ಬ್ಯಾಂಡ್ ಹೋಗ್ತದೆ. ನಾನು ನಿಂತರೆ ಎಲ್ಲರೂ ನಿಲ್ತಾರೆ,” ಎಂದಳು. ಅವಳಿಗೆ ಆ ಡ್ರಮ್ಮೆಂದರೆ ಅಷ್ಟು ಹೆಮ್ಮೆ. ಊಟದ ಮೇಜಿಗೆ, ಬಕೆಟ್ಟಿಗೆ, ಮಲಗಿದ್ದ ಅಪ್ಪನ ಬೆನ್ನಿಗೆ ಅವಳ ಕೈ ಬಡಿಯುತ್ತಲೇ ಇರುತ್ತಿತ್ತು. ಕೋಲು ಬೇಕಿದ್ದದ್ದು ನನಗೆ.

ಯಾಕೆ ಬೇಕಿತ್ತು ಎಂಬುದಕ್ಕೆ ನನ್ನಲ್ಲಿ ಒಂದು ಕಥೆಯಿದೆ, ಬಹಳ ವರ್ಷ ಅದನ್ನು ನಂಬಿದ್ದೆ. ಬೆಳ್ತಂಗಡಿಯಲ್ಲಿ ನಾನು ಎಂಟನೆಯ ತರಗತಿಯಲ್ಲಿದ್ದಾಗ ನಮ್ಮ ಶಾಲೆಯ ಬ್ಯಾಂಡಿಗೆ ಲೀಡರ್ ಬೇಕಾಗಿತ್ತು. ನಾನು ಚೆನ್ನಾಗಿಯೇ ನಡೆದೆ. ಆದರೆ ಎತ್ತರ ಸಾಲದೆಂದು ಕೋಲನ್ನು ಗ್ರೇಸಿ ಎಂಬವಳಿಗೆ ಕೊಟ್ಟರು. ಸ್ವಾತಂತ್ರ್ಯ ದಿನದಂದು ಅವಳು ಕೆಂಪು ಸೊಂಟಪಟ್ಟಿ ಕಟ್ಟಿ ಮುಂದೆ ನಡೆದಳು, ನಾನು ಗುಂಪಿನಲ್ಲಿ ನಿಂತು ಲಾಡು ತಿಂದೆ. ಇದನ್ನು ಮದುವೆಯಾದ ಹೊಸತರಲ್ಲಿ ಗಂಡನಿಗೆ ಹೇಳಿ ಅವರ ಕಣ್ಣು ಒದ್ದೆ ಮಾಡಿದ್ದೇನೆ. ಕಳೆದ ವರ್ಷ ಅಣ್ಣನ ಮುಂದೆ ಇದೇ ಕಥೆ ಹೇಳುವಾಗ ಅವನು, “ಕೆಂಪು ಪಟ್ಟಿ ಎಲ್ಲಿತ್ತು ಮಾರಾಯ್ತಿ? ನಮ್ಮದು ಹಸಿರು,” ಎಂದ. ಸಂಶಯ ಹತ್ತಿ ತವರುಮನೆಯ ಕಪಾಟಿನಿಂದ ಆ ವರ್ಷದ ಡೈರಿ ತೆಗೆದೆ. ಆಯ್ಕೆಯ ದಿನದ ಪುಟದಲ್ಲಿ ನನ್ನದೇ ದುಂಡಗಿನ ಅಕ್ಷರ: ‘ಇಂದು ಬ್ಯಾಂಡ್ ಆಯ್ಕೆ ಇತ್ತು. ನಾನು ಹೋಗಲಿಲ್ಲ. ಮಧ್ಯಾಹ್ನ ಬೆಂಡೆಕಾಯಿ ಪಲ್ಯ.’

ಹೋಗಲೇ ಇಲ್ಲ! ಇಷ್ಟು ವರ್ಷ ಗ್ರೇಸಿಯ ಮೇಲೆ ಹಲ್ಲು ಕಡಿದದ್ದು ಯಾತಕ್ಕೆ? ಪಾಪ, ಅವಳು ಎಲ್ಲಿದ್ದಾಳೋ. ಆದರೆ ನೋಡಿ, ಡೈರಿ ಓದಿದ ಮೇಲೂ ಅವಳ ಮೇಲಿನ ಅಸೂಯೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ಕಾರಣ ಹೋದರೂ ಅದು ಮಾತ್ರ ಬಾಡಿಗೆ ಕೊಡದ ಬಿಡಾರದವರ ಹಾಗೆ ಕೂತೇ ಇದೆ.

ಮಲ್ಲಿಕಾರ ವಿಷಯಕ್ಕೆ ಬರುತ್ತೇನೆ. ಮಗಳು ಲೀಡರ್ ಎಂಬುದೊಂದೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಬ್ಯಾಂಡಿನ ಮೂವತ್ತೆರಡು ಮಕ್ಕಳ ಸಮವಸ್ತ್ರವನ್ನು ಸರಿಮಾಡಿ ಕೊಡುವವರು ಅವರು. ಮಕ್ಕಳು ಬೆಳೆಯುತ್ತಾರೆ, ಕೋಟು ಬೆಳೆಯುವುದಿಲ್ಲ. ವಾರಕ್ಕೊಮ್ಮೆ ಅಭ್ಯಾಸದ ಹೊತ್ತಿಗೆ ಅವರು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಶಾಲೆಯ ಜಗಲಿಯಲ್ಲಿ ಮಂಡಿಯೂರಿ ಕೂತಿರುತ್ತಾರೆ. ನನ್ನ ಮಗಳು ತನಗೆ ಭುಜ ಬಿಗಿಯಾಗುತ್ತಿದೆ ಎಂದು ಮೊದಲು ಹೇಳಿದ್ದು ನನಗಲ್ಲ, ಅವರಿಗೆ. “ಅದೆಂತ ದೊಡ್ಡ ವಿಷಯ, ಹುಡುಗಿ ಅಗಲ ಆಗಿದ್ದಾಳೆ. ಡ್ರಮ್ ಹೊಡೆಯುವ ಕೈ ಅಲ್ವಾ,” ಎಂದು ಅವರು ಹೊಲಿಗೆ ಬಿಚ್ಚಿ ಕೊಟ್ಟರು. ಮನೆಯಲ್ಲಿ ದಿನಾ ಅವಳಿಗೆ ತಲೆ ಬಾಚುವವಳು ನಾನು. ಅವಳು ಅಗಲವಾದದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಬ್ಯಾಂಡ್ ಮಾಸ್ಟ್ರು ನಿವೃತ್ತ ಸೈನಿಕರು. ಸ್ಪರ್ಧೆಗೆ ಒಂದು ವಾರವಿರುವಾಗ ಪೋಷಕರ ಸಭೆ ಕರೆದರು. ಹೇಳಿದ ವಿಷಯಗಳಲ್ಲಿ ಒಂದನ್ನು ನಾನು ಆ ದಿನದ ಡೈರಿಯಲ್ಲಿ ಬರೆದುಕೊಂಡಿದ್ದೇನೆ. ಆದ್ದರಿಂದ ಗೊತ್ತಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

“ಅಮ್ಮಂದಿರೇ, ಅಪ್ಪಂದಿರಿಗೂ ಸೇರಿಸಿಯೇ ಹೇಳ್ತಿದ್ದೇನೆ, ಬ್ಯಾಂಡ್ ನಡೆಯುವಾಗ ಯಾರೂ ತಾಳಕ್ಕೆ ಚಪ್ಪಾಳೆ ತಟ್ಟಬಾರದು. ಮೈದಾನ ದೊಡ್ಡದುಂಟು. ಡ್ರಮ್ಮಿನ ಶಬ್ದ ನಿಮಗೆ ಮುಟ್ಟುವಾಗ ತಡ, ನೀವು ತಟ್ಟುವಾಗ ಇನ್ನೂ ತಡ. ಹಿಂದಿನ ಸಾಲಿನ ಮಕ್ಕಳಿಗೆ ಡ್ರಮ್ ದೂರ, ನೀವು ಹತ್ತಿರ. ಅವರ ಕಾಲು ಡ್ರಮ್ ಬಿಟ್ಟು ನಿಮ್ಮ ಕೈಯನ್ನು ಹಿಡೀತದೆ. ಮತ್ತೆ ಎಡಗಾಲು ಬಲಗಾಲು ಎಲ್ಲ ಗಂಜಿ. ಹಾಲ್ಟ್ ಅಂತ ಆದ ಮೇಲೆ ಎಷ್ಟು ಬೇಕಾದರೂ ತಟ್ಟಿ, ನಾನು ಬೇಡ ಹೇಳುವುದಿಲ್ಲ.”

ಸ್ಪರ್ಧೆಯ ದಿನ ನಮ್ಮ ಸರದಿ ಬಂದಾಗ ಗಂಟೆ ಹನ್ನೆರಡು ದಾಟಿತ್ತು. ನಾನು ಕೊಡೆ ಮರೆತಿದ್ದೆ. “ಎಂತ ಮಾರಾಯ್ರೆ, ಬಿಸಿಲಿಗೆ ನಿಂತಿದ್ದೀರಿ? ಬನ್ನಿ ಈಚೆ,” ಎಂದು ಮಲ್ಲಿಕಾ ತಮ್ಮ ಕೊಡೆಯನ್ನು ನನಗೂ ಹಿಡಿದರು. ಅವರ ಎಡಗೈಯಲ್ಲಿ ಕೊಡೆ, ಬಲಗೈಯಲ್ಲಿ ವಿಡಿಯೊ ತೆಗೆಯುವ ಮೊಬೈಲು. ಹಗ್ಗದ ಬಳಿ, ಎಲ್ಲರಿಗಿಂತ ಮುಂದೆ, ನಾವಿಬ್ಬರೂ ಒಂದೇ ನೆರಳಿನಲ್ಲಿ ನಿಂತೆವು.

ನಮ್ಮವರು ಚೆನ್ನಾಗಿ ನಡೆದರು. ಅನನ್ಯಾ ಕೋಲು ಮೇಲಕ್ಕೆಸೆದು ಹಿಡಿದಾಗ ಟೀ ಶರ್ಟಿನ ಪೋಷಕರೂ ಎದ್ದು ನಿಂತರು. ನನ್ನ ಹಿಂದೆ ಯಾರೋ, “ಮುಂದೆ ಇರುವ ಹುಡುಗಿ ಯಾರ ಮಗಳು? ಎಷ್ಟು ಲಾಯ್ಕ ನಡೀತಾಳೆ!” ಎಂದರು. ಇನ್ನೊಬ್ಬರು, “ಅವಳೇ ಇಡೀ ಬ್ಯಾಂಡನ್ನು ಎಳ್ಕೊಂಡು ಹೋಗುವುದು, ನೋಡಿ,” ಎಂದರು. ಮಲ್ಲಿಕಾ ಏನೂ ಹೇಳಲಿಲ್ಲ, ಮೊಬೈಲಿನಿಂದ ಕಣ್ಣು ತೆಗೆಯಲೂ ಇಲ್ಲ. ಅವರು ಸ್ವಲ್ಪ ಜಂಬ ಕೊಚ್ಚಿಕೊಂಡಿದ್ದರೂ ನನಗೆ ಅಷ್ಟು ಉರಿಯುತ್ತಿರಲಿಲ್ಲವೇನೋ.

ಬ್ಯಾಂಡು ಆಚೆ ಮೂಲೆಗೆ ಹೋಗಿ ಬಲಕ್ಕೆ ತಿರುಗುತ್ತಿತ್ತು. ನನ್ನ ಮಗಳ ಟೋಪಿ ದೂರದಲ್ಲಿ ಕಾಣುತ್ತಿತ್ತು. ಕೊನೆಯ ಸಾಲು ನಮ್ಮ ಎದುರಿನಲ್ಲಿಯೇ ಇತ್ತು. ಎಳೆಯುವವಳು ಅವಳಲ್ಲ, ಆ ಡ್ರಮ್ಮು ಕೇಳಿಸುವುದಿಲ್ಲವೇ ನಿಮಗೆ, ಎಂದು ತಿರುಗಿ ಕಿರುಚಬೇಕೆನಿಸಿತು. ಕಿರುಚುವಷ್ಟು ಧೈರ್ಯ ನನಗಿಲ್ಲ. ಕೈ ಎತ್ತಿ ದೀಕ್ಷಾಳ ಡ್ರಮ್ಮಿಗೆ ಸರಿಯಾಗಿ ಚಪ್ಪಾಳೆ ತಟ್ಟಿದೆ. ಇದು ಕೇಳಿ, ಇದು ಕೇಳಿ, ಎನ್ನುವ ಹಾಗೆ. ನಾಲ್ಕೈದು ಪೆಟ್ಟಿಗೆ ಹಿಂದಿನವರೂ ಸೇರಿದರು. ಒಮ್ಮೆ ಗುಂಪು ಸೇರಿದರೆ ಚಪ್ಪಾಳೆ ಯಾರ ಮಾತೂ ಕೇಳುವುದಿಲ್ಲ.

ಕೊನೆಯ ಸಾಲಿನ ಹುಡುಗನೊಬ್ಬನ ಕಾಲು ತಡವರಿಸಿತು. ಅವನು ಹಾರಿ ಕಾಲು ಬದಲಿಸಿದ, ಅವನ ಪಕ್ಕದವನೂ ಬದಲಿಸಿದ. ಮುಂದಿನ ಸಾಲು ಹಿಂದಿನದನ್ನು ಕೇಳಿ ಗೊಂದಲಕ್ಕೆ ಬಿತ್ತು. ಎರಡು ನಿಮಿಷ ನಮ್ಮ ಬ್ಯಾಂಡಿನ ಅರ್ಧ ಎಡಗಾಲಲ್ಲಿ, ಅರ್ಧ ಬಲಗಾಲಲ್ಲಿ ನಡೆಯಿತು. ಎರಡು ನಿಮಿಷವೆಂದು ಡೈರಿಯಲ್ಲಿ ಬರೆದಿದ್ದೇನೆ. ವಿಡಿಯೊದಲ್ಲಿ ಅದು ಇಪ್ಪತ್ತು ಸೆಕೆಂಡು.

ನಮಗೆ ಬಹುಮಾನ ಬರಲಿಲ್ಲ. ಮೈದಾನದಾಚೆಯ ಮಾವಿನಮರದಡಿ ಮಾಸ್ಟ್ರು ಮಕ್ಕಳನ್ನು ನಿಲ್ಲಿಸಿ ಮಾತಾಡಿದರು. ಅವರು ಆ ಹೊತ್ತಿನಲ್ಲಿ ತೀರ್ಪುಗಾರರ ಬದಿಯಲ್ಲಿದ್ದುದರಿಂದ ಅವರಿಗೆ ಕಂಡದ್ದು ತಪ್ಪಿದ ಕಾಲು ಮಾತ್ರ, ನಮ್ಮ ಚಪ್ಪಾಳೆ ಅಲ್ಲಿಗೆ ಸರಿಯಾಗಿ ಮುಟ್ಟಿರಲಿಲ್ಲ.

“ಬಿಗ್ ಡ್ರಮ್. ತಿರುಗುವಾಗ ಗಮನ ಎಲ್ಲಿತ್ತು?”

“ಗೊತ್ತಿಲ್ಲ ಸರ್,” ಎಂದಳು ದೀಕ್ಷಾ.

“ಹಿಂದಿನ ಸಾಲು ಇಡೀ ಹೋಗಿದೆ. ಡ್ರಮ್ ಕೈ ಬಿಡದೆ ಸಾಲು ಹೋಗುವುದಿಲ್ಲ. ಮುಂದಿನ ತಿಂಗಳು ಬೆಳ್ತಂಗಡಿಯಲ್ಲಿ ಉಂಟಲ್ಲ, ಅದಕ್ಕೆ ಬೇರೆಯವರನ್ನು ನೋಡುವ. ಬೇಸರ ಮಾಡಬೇಡ.”

“ಸರಿ ಸರ್.”

ನಾನು ಎಂಟು ಹೆಜ್ಜೆ ಆಚೆ ನೀರಿನ ಕ್ಯಾನು ಹಿಡಿದು ನಿಂತಿದ್ದೆ. ಎಂಟು ಹೆಜ್ಜೆ ನಡೆಯಲಿಲ್ಲ. ಮಲ್ಲಿಕಾ ನನ್ನ ಕಡೆ ಒಮ್ಮೆ ನೋಡಿದರು, ಮತ್ತೆ ಮಕ್ಕಳ ಟೋಪಿ ಎಣಿಸಲು ಹೋದರು.

ಹಿಂದಿರುಗುವ ಬಸ್ಸಿನಲ್ಲಿ ಡ್ರಮ್ಮು ಪುನಃ ನನ್ನ ತೊಡೆಯ ಮೇಲೆ ಕೂತಿತು. ದೀಕ್ಷಾ ಕಿಟಕಿಗೆ ತಲೆಯಾನಿಸಿ ಕೈಗಳನ್ನು ಮಡಿಲಲ್ಲಿಟ್ಟಿದ್ದಳು. ಮನೆಯಲ್ಲಿಯೂ ಅವು ಹಾಗೆಯೇ ಇದ್ದವು. ಊಟದ ಮೇಜು ಸುಮ್ಮನಿತ್ತು. ಬಕೆಟ್ಟು ಸುಮ್ಮನಿತ್ತು. “ನನ್ನ ಬೆನ್ನು ಎಂತ ತಪ್ಪು ಮಾಡಿತು?” ಎಂದು ಅವಳಪ್ಪ ತಮಾಷೆ ಮಾಡಿದರೆ ಅವಳು ನಗಲಿಲ್ಲ. ಹೇಳಿಬಿಡಬೇಕೆಂದು ಬಾಯಿ ತೆರೆದಾಗಲೆಲ್ಲ ಮಲ್ಲಿಕಾರ ಮುಖ ಎದುರು ಬರುತ್ತಿತ್ತು. ನಾನು ಒಪ್ಪಿಕೊಂಡರೆ ಆ ಮಾತು ಅವರ ಕಿವಿಗೂ ಬೀಳುತ್ತದೆ, ಮತ್ತು ಯಾಕೆ ತಟ್ಟಿದೆ ಎಂಬುದು ಅವರಿಗೆ ಕೇಳದೆಯೇ ಗೊತ್ತಾಗುತ್ತದೆ. ನಾಚಿಕೆಯಾಗಿತ್ತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಅವರ ಮುಂದೆ ಸಣ್ಣವಳಾಗುವುದು ಬೇಡವಾಗಿತ್ತು ಎಂಬುದು ಹೆಚ್ಚು ಸರಿ.

ಎರಡನೆಯ ದಿನ ಮಲ್ಲಿಕಾ ತಾವು ತೆಗೆದ ವಿಡಿಯೊವನ್ನು ಪೋಷಕರ ಗುಂಪಿಗೆ ಹಾಕಿದರು. ನಾನು ಕಾಲೇಜಿನಿಂದ ಬರುವಾಗ ದೀಕ್ಷಾ ನನ್ನ ಹಳೆಯ ಮೊಬೈಲನ್ನು ಕಿವಿಗೊತ್ತಿಕೊಂಡು ಮೆಟ್ಟಿಲಿನಲ್ಲಿ ಕೂತಿದ್ದಳು. ಕಣ್ಣು ಮುಚ್ಚಿದ್ದಳು. ಬ್ಯಾಂಡು ತಿರುಗುವ ಜಾಗ ಬಂದೊಡನೆ ಹಿಂದಕ್ಕೆ ಸರಿಸಿ ಪುನಃ ಕೇಳುತ್ತಿದ್ದಳು.

“ಎಂತ ಮಾಡ್ತಿದ್ದೀ?”

“ನಾನು ಎಲ್ಲಿ ತಪ್ಪಿದ್ದು ಅಂತ ಹುಡುಕ್ತಿದ್ದೇನೆ ಅಮ್ಮ. ಸಿಗುವುದೇ ಇಲ್ಲ. ಚಪ್ಪಾಳೆಯ ಶಬ್ದದಲ್ಲಿ ನನ್ನ ಡ್ರಮ್ ಸರಿಯಾಗಿ ಕೇಳುವುದಿಲ್ಲ.”

ಅವಳು ಒಳಗೆ ಹೋದ ಮೇಲೆ ನಾನು ಕೇಳಿದೆ. ದೂರದಲ್ಲಿ ಡ್ರಮ್ಮು ಒಂದಿಷ್ಟೂ ಅಲುಗದೆ ಬರುತ್ತಿದೆ. ಅದರ ಬೆನ್ನಿಗೆ, ಮೊಬೈಲಿನ ಪಕ್ಕದಲ್ಲಿಯೇ, ಒಂದೇ ಒಂದು ಜೊತೆ ಕೈಗಳು. ನಾಲ್ಕೈದು ಪೆಟ್ಟಿನವರೆಗೂ ಅವು ಒಂದೇ ಜೊತೆ. ಎಲ್ಲರೂ ತಟ್ಟುತ್ತಿದ್ದರು, ನಾನೂ ಸೇರಿದೆ, ಎಂದು ಎರಡು ದಿನಗಳಲ್ಲಿ ನನ್ನ ನೆನಪು ಕಟ್ಟಿಕೊಂಡಿದ್ದ ಕಥೆ ಅಲ್ಲಿಗೆ ಕುಸಿಯಿತು. ಬೆಂಡೆಕಾಯಿ ಪಲ್ಯದಷ್ಟೇ ಖಚಿತವಾದ ದಾಖಲೆ.

ಮರುದಿನ ಅರ್ಧ ದಿನ ರಜೆ ಹಾಕಿ ಶಾಲೆಗೆ ಹೋದೆ. ಮಗಳಿಗೆ ಮೊದಲು ಹೇಳಬೇಕಿತ್ತು. ಆದರೆ ಮಾಸ್ಟ್ರಿಗೆ ಹೇಳುವುದು ಅದಕ್ಕಿಂತ ಸುಲಭವೆನಿಸಿತು. ಮಕ್ಕಳು ಮೈದಾನದಲ್ಲಿ ಅಭ್ಯಾಸ ಮಾಡುತ್ತಿದ್ದರು. ಡ್ರಮ್ಮನ್ನು ಇನ್ಯಾವನೋ ಕಟ್ಟಿಕೊಂಡಿದ್ದ, ದೀಕ್ಷಾ ಕೊನೆಯ ಸಾಲಿನಲ್ಲಿ ಕಿಣಿಕಿಣಿ ಅನ್ನುವ ಟ್ರಯಾಂಗಲ್ ಹಿಡಿದಿದ್ದಳು. ಜಗಲಿಯಲ್ಲಿ ಮಾಸ್ಟ್ರು ಚಾ ಕುಡಿಯುತ್ತಿದ್ದರು. ಪಕ್ಕದಲ್ಲಿ ಮಲ್ಲಿಕಾ ಬಾಯಿತುಂಬ ಪಿನ್ನು ಇಟ್ಟುಕೊಂಡು ಒಂದು ಕೋಟಿನ ತೋಳು ಮಡಚುತ್ತಿದ್ದರು. ಅವರಿಲ್ಲದ ಹೊತ್ತಿಗೆ ಬರಬಹುದಿತ್ತು ಎಂದು ಒಮ್ಮೆ ಯೋಚನೆ ಹೋಯಿತು.

“ಸರ್, ದೀಕ್ಷಾಳ ಡ್ರಮ್ ತಪ್ಪಿದ್ದಲ್ಲ. ಚಪ್ಪಾಳೆಗೆ ಹಿಂದಿನ ಸಾಲು ಹೋದದ್ದು. ಶುರು ಮಾಡಿದ್ದು ನಾನು.”

ಮಾಸ್ಟ್ರು ಗ್ಲಾಸು ಕೆಳಗಿಟ್ಟರು. “ನೀವಾ? ನೀವು ಸಭೆಯಲ್ಲಿ ಇದ್ದಿರಿ. ಪುಸ್ತಕದಲ್ಲಿ ಬರೆದುಕೊಂಡದ್ದು ನೀವು ಒಬ್ಬರೇ.”

“ಹೌದು ಸರ್.”

“ಗೊತ್ತಿದ್ದೂ ಯಾಕೆ ತಟ್ಟಿದ್ದು?”

ಉತ್ತರ ನನ್ನ ಪಕ್ಕದಲ್ಲಿಯೇ ಮಂಡಿಯೂರಿ ಕೂತಿತ್ತು. ಮಲ್ಲಿಕಾ ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದರು.

“ಅವರಿಗೆ ಎಂತ ಬೈಯುವುದು ಸರ್? ತಟ್ಟಿ ಅಂತ ಹೇಳಿದ್ದೇ ನಾನು. ನನ್ನ ಎರಡೂ ಕೈಯಲ್ಲಿ ಸಾಮಾನಿತ್ತು. ನೀವಾದರೂ ತಟ್ಟಿ ಮಾರಾಯ್ರೆ, ಮಕ್ಕಳಿಗೆ ಹುಮ್ಮಸ್ಸು ಬರಲಿ ಅಂದೆ. ಅವರು ಪಾಪ, ನಾನು ಹೇಳಿದೆ ಅಂತ ತಟ್ಟಿದ್ದು.”

“ಇಬ್ಬರಿಗೂ ತಲೆಯಿಲ್ಲ,” ಎಂದರು ಮಾಸ್ಟ್ರು. “ಬೆಳ್ತಂಗಡಿಗೆ ಬರುವಾಗ ಒಬ್ಬೊಬ್ಬರ ಎರಡು ಕೈಗೂ ಒಂದೊಂದು ನೀರಿನ ಕ್ಯಾನು ಕೊಡ್ತೇನೆ. ಹಾಲ್ಟ್ ಆಗುವವರೆಗೆ ಕೆಳಗಿಡುವ ಹಾಗಿಲ್ಲ.” ಆಮೇಲೆ ಮೈದಾನಕ್ಕೆ ಇಳಿದು ಹೋದರು.

ಮಲ್ಲಿಕಾ ಹಾಗೆ ಹೇಳಿದ್ದರೇ? ಒಂದು ಕ್ಷಣ ನನಗೂ ಹೌದೆನಿಸಿತು. ನಂಬಲು ಎಷ್ಟು ಹಿತವಾಗಿತ್ತು! ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ವಿಡಿಯೊ ತೆಗೆದು ಆ ಜಾಗವನ್ನು ಐದು ಸಲ ಕೇಳಿದೆ. ಮೊಬೈಲು ಅವರ ಬಾಯಿಯ ಬುಡದಲ್ಲಿತ್ತು, ಅವರ ಉಸಿರೂ ಕೇಳಿಸುತ್ತದೆ. ಒಂದು ಮಾತೂ ಇಲ್ಲ. ಎಲ್ಲರೂ ಮಗಳನ್ನು ಹೊಗಳುವಾಗಲೂ ಇಲ್ಲ, ನಾನು ತಟ್ಟುವಾಗಲೂ ಇಲ್ಲ. ಅಂದರೆ ಎಲ್ಲವೂ ತಿಳಿದಿದ್ದೇ ಹೇಳಿದ ಸುಳ್ಳು ಅದು. ನನ್ನ ಅಳತೆ ತೆಗೆದು, ನನಗೆ ಎಲ್ಲಿ ಬಿಗಿಯುತ್ತದೆಂದು ನೋಡಿ, ಅಲ್ಲಿ ಹೊಲಿಗೆ ಬಿಚ್ಚಿಕೊಟ್ಟಿದ್ದರು. ನಾನು ಅವರ ಜಾಗದಲ್ಲಿದ್ದರೆ ಆ ಮಾತು ನನಗೆ ಹೊಳೆಯುತ್ತಿತ್ತೇ? ಹೊಳೆದಿದ್ದರೂ ಬಾಯಿಂದ ಬರುತ್ತಿತ್ತೇ? ಕೋಲಿಗಾಗಿ ಪಟ್ಟ ಅಸೂಯೆಯೆಲ್ಲ ಇದರ ಮುಂದೆ ಆಟದ ಸಾಮಾನು. ಮಾಡಿದ ತಪ್ಪೊಂದಾದರೂ ಪೂರ್ತಿ ನನ್ನದಾಗಿತ್ತು, ಅದರಲ್ಲಿಯೂ ದೊಡ್ಡ ಪಾಲು ಆಕೆ ತೆಗೆದುಕೊಂಡಿದ್ದರು.

ಸಂಜೆ ದೀಕ್ಷಾ ಬಂದದ್ದು ಗೇಟಿನ ಸರಳುಗಳಿಗೆ ಪಟಪಟ ಬಡಿಯುತ್ತಲೇ. ಚೀಲವನ್ನು ಒಂದು ಕಡೆ ಎಸೆದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು. ನಾನು ನೀರುದೋಸೆ ಹುಯ್ಯುತ್ತಿದ್ದೆ, ಒಂದನ್ನು ಅವಳ ತಟ್ಟೆಗೆ ಹಾಕಿದೆ.

“ಡ್ರಮ್ ನನಗೇ ಅಂತೆ ಅಮ್ಮ! ಮಾಸ್ಟ್ರು ಎಲ್ಲರ ಎದುರು ಹೇಳಿದರು, ನನ್ನದು ತಪ್ಪಲ್ಲ ಅಂತ. ಚಪ್ಪಾಳೆ ತಟ್ಟಿದ್ದು ನೀನಂತೆ?”

“ಹೌದು.”

ಅವಳು ನನ್ನ ಮುಖ ನೋಡಿದಳು. “ಮಲ್ಲಿಕಾ ಆಂಟಿ ತಟ್ಟಿ ಅಂತ ಹೇಳಿದ್ದಕ್ಕೆ ಅಲ್ವಾ? ಮಾಸ್ಟ್ರು ಹೇಳಿದರು. ಹಾಗಾದರೆ ನೀನು ಎಂತ ಮಾಡುವುದು, ಬಿಡು.”

ಬಿಡಬಹುದಿತ್ತು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಮಗಳ ಕಣ್ಣಿನಲ್ಲಿ ನಾನು ಮಾತು ಕೇಳಿ ಕೆಟ್ಟವಳಾಗಿ, ಮಲ್ಲಿಕಾ ಮಾತು ಹೇಳಿ ಕೆಡಿಸಿದವರಾಗಿ ಉಳಿಯುತ್ತಿದ್ದೆವು. ಆ ಹೂಂ ನಾಲಗೆಯ ತುದಿಗೆ ಬಂದಿತ್ತು, ಸುಳ್ಳು ಹೇಳಬೇಕಿಲ್ಲ, ತಲೆಯಾಡಿಸಿದರೆ ಸಾಕಿತ್ತು. ನಿಜ ಹೇಳಿದರೆ ಮಗಳ ಕಣ್ಣಿನಲ್ಲಿ ಯಾರು ಮೇಲೇರುತ್ತಾರೆಂಬುದೂ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು.

“ಅವರು ಹಾಗೆ ಹೇಳಲಿಲ್ಲ,” ಎಂದೆ. “ನಾನಾಗಿಯೇ ತಟ್ಟಿದ್ದು. ಎಲ್ಲರೂ ಅನನ್ಯಾಳನ್ನು ಹೊಗಳ್ತಿದ್ದರು. ನಿನ್ನನ್ನು ಯಾರೂ ನೋಡ್ತಿರಲಿಲ್ಲ.”

ದೀಕ್ಷಾ ದೋಸೆ ಮುರಿಯುವುದನ್ನು ನಿಲ್ಲಿಸಿದಳು. “ಮತ್ತೆ ಆಂಟಿ ಯಾಕೆ ಹಾಗೆ ಹೇಳಿದ್ದು?”

“ಮಾಸ್ಟ್ರು ನನಗೆ ಬೈಯುವುದು ಬೇಡ ಅಂತ.”

ಅವಳ ಬೆರಳು ತಟ್ಟೆಯ ಅಂಚಿಗೆ ಎರಡು ಸಲ ಬಡಿಯಿತು. ನಾನು ಕಾವಲಿ ನೋಡುತ್ತ ನಿಂತೆ.

“ಅಬ್ಬ,” ಎಂದಳು ಕೊನೆಗೆ, “ಮಲ್ಲಿಕಾ ಆಂಟಿ ಎಷ್ಟು ಒಳ್ಳೆಯವರಲ್ವಾ ಅಮ್ಮ?”

“ಹೌದು, ಒಳ್ಳೆಯವರು,” ಎಂದೆ. ಹೇಳಿದ್ದು ನಿಜ. ಹೇಳುವಾಗ ಹೊಟ್ಟೆ ಉರಿದದ್ದೂ ನಿಜ. ದೀಕ್ಷಾ ತಟ್ಟೆಯನ್ನು ಮುಂದೆ ಮಾಡಿದಳು. ಇನ್ನೊಂದು ದೋಸೆ ಹಾಕಿದೆ.